ಬಿಲ್ ಏರುತ್ತದೆ, ಬೀದಿ ದೀಪ ಮಂಕಾಗುತ್ತದೆ: ಇಂಗ್ಲೆಂಡಿನ ಮನೆಗಂದಾಯದ ಲೆಕ್ಕ

ಮಾರ್ಚ್ ತಿಂಗಳ ಮಧ್ಯ ದಾಟಿತೆಂದರೆ ಇಂಗ್ಲೆಂಡಿನ ಮನೆಮನೆಯ ಬಾಗಿಲ ಸಂದಿಯಿಂದ ಒಂದು ಲಕೋಟೆ ಒಳಗೆ ಬೀಳುತ್ತದೆ. ಕೌನ್ಸಿಲ್ ಟ್ಯಾಕ್ಸ್ ಬಿಲ್. ಕೌನ್ಸಿಲ್ ಅಂದರೆ ನಮ್ಮ ಪಾಲಿಕೆಯ ಹಾಗೆ ಊರಿನ ಚುನಾಯಿತ ಸ್ಥಳೀಯ ಆಡಳಿತ. ನಮ್ಮ ಕಡೆ ಮನೆಗಂದಾಯ ಅಂತೀವಲ್ಲ, ಹೆಚ್ಚುಕಡಿಮೆ ಅದೇ. ಒಂದು ದೊಡ್ಡ ವ್ಯತ್ಯಾಸ ಮಾತ್ರ ಇದೆ. ನಮ್ಮಲ್ಲಿ ಕಂದಾಯ ಕಟ್ಟುವುದು ಮನೆ ಮಾಲೀಕರು. ಇಲ್ಲಿ ಸಾಮಾನ್ಯವಾಗಿ ಕಟ್ಟಬೇಕಾದವರು ಆ ಮನೆಯಲ್ಲಿ ವಾಸ ಇರುವವರು, ಬಾಡಿಗೆಗಿದ್ದರೂ ಸರಿ. ಬೆಂಗಳೂರಿನಿಂದ ಕೆಲಸಕ್ಕೆ ಬಂದಿಳಿದ ಹುಡುಗ ಹುಡುಗಿಯರು ಬಾಡಿಗೆ, ಕರೆಂಟು, ಗ್ಯಾಸು, ರೈಲು ಪಾಸು ಎಲ್ಲದರ ಲೆಕ್ಕ ಹಾಕಿಕೊಂಡು ಬಂದಿರುತ್ತಾರೆ. ಇದೊಂದು ಖರ್ಚು ಇದೆ ಅಂತ ಯಾರೂ ಹೇಳಿರುವುದಿಲ್ಲ.

ಖರ್ಚು ಸಣ್ಣದೂ ಅಲ್ಲ. ಇಲ್ಲಿ ಮನೆಗಳನ್ನು ಬೆಲೆಯ ಪ್ರಕಾರ ಎ ಇಂದ ಎಚ್‌ವರೆಗೆ ಎಂಟು ದರ್ಜೆ, ಅಂದರೆ ಬ್ಯಾಂಡ್, ಮಾಡಿದ್ದಾರೆ. 2025-26ರಲ್ಲಿ ಇಂಗ್ಲೆಂಡಿನ ಡಿ ಬ್ಯಾಂಡಿನ ಮನೆಯೊಂದರ ಸರಾಸರಿ ಬಿಲ್ 2,280 ಪೌಂಡ್. ಹಿಂದಿನ ವರ್ಷ ಅದು 2,171 ಇತ್ತು. ಏಪ್ರಿಲ್‌ನಿಂದ ಜನವರಿವರೆಗೆ ಹತ್ತು ಕಂತಿನಲ್ಲಿ ಕಟ್ಟುವವರಿಗೆ ಕಂತೊಂದಕ್ಕೆ 228 ಪೌಂಡ್ ಆಯಿತು. ಪೂರ್ಣಾವಧಿ ವಿದ್ಯಾರ್ಥಿಗಳು ಕಟ್ಟಬೇಕಾಗಿಲ್ಲ. ಒಬ್ಬರೇ ವಾಸವಿದ್ದರೆ ಕಾಲು ಭಾಗ ಮಾಫಿ. ಉಳಿದವರೆಲ್ಲ ಕಟ್ಟಲೇಬೇಕು.

ಯುಗಾದಿಗೆ ಇಲ್ಲಿನ ಕನ್ನಡದವರು ಒಂದೆಡೆ ಸೇರಿದಾಗ ಒಬ್ಬಟ್ಟಿನ ಜೊತೆಗೆ ಈ ಬಿಲ್ಲಿನ ಮಾತೂ ಬರುತ್ತದೆ. ಪ್ರತಿ ವರ್ಷ ಅದೇ ಪ್ರಶ್ನೆ. "ಕಸ ಎರಡು ವಾರಕ್ಕೊಂದು ಸಲ ಒಯ್ತಾರೆ. ರಸ್ತೆ ಗುಂಡಿ ಹಾಗೇ ಇದೆ. ಲೈಬ್ರರಿ ವಾರಕ್ಕೆ ಮೂರು ದಿನ. ಮತ್ತೆ ಈ ದುಡ್ಡೆಲ್ಲ ಎಲ್ಲಿಗೆ ಹೋಗ್ತಾ ಇದೆ?"

ನ್ಯಾಯವಾದ ಪ್ರಶ್ನೆ. ನನಗೆ ಉತ್ತರ ಸಿಕ್ಕಿದ್ದು ನಮ್ಮ ಪಕ್ಕದ ಮನೆಯ ಬಾಗಿಲಲ್ಲಿ.

ಅಲ್ಲಿ ಒಬ್ಬ ಅಜ್ಜಿ ಇದ್ದಾರೆ. ಒಂಟಿ. ಬೆಳಗ್ಗೆ ಏಳೂವರೆಗೆ ಒಂದು ಪುಟ್ಟ ಕಾರು ಬಂದು ನಿಲ್ಲುತ್ತದೆ. ನೀಲಿ ಅಂಗಿಯ ಹೆಂಗಸೊಬ್ಬರು ಇಳಿದು, ಬಾಗಿಲ ಪಕ್ಕದ ಪುಟ್ಟ ಪೆಟ್ಟಿಗೆಯ ನಂಬರ್ ಒತ್ತಿ ಕೀಲಿ ತೆಗೆದುಕೊಂಡು ಒಳಗೆ ಹೋಗುತ್ತಾರೆ. ಅಜ್ಜಿಯನ್ನು ಎಬ್ಬಿಸಿ, ಮೈ ತೊಳೆಸಿ, ಬಟ್ಟೆ ಹಾಕಿಸಿ, ಟೋಸ್ಟು ಚಹಾ ಕೊಟ್ಟು, ಮಾತ್ರೆ ನುಂಗಿಸಿ, ಅರ್ಧ ಗಂಟೆಯಲ್ಲಿ ಮುಂದಿನ ಮನೆಗೆ ಓಡುತ್ತಾರೆ. ಮಧ್ಯಾಹ್ನ ಇನ್ನೊಬ್ಬರು. ಸಂಜೆ ಮತ್ತೊಬ್ಬರು. ರಾತ್ರಿ ಮಲಗಿಸಲು ಇನ್ನೊಂದು ಸಲ. ದಿನಕ್ಕೆ ನಾಲ್ಕು ಬಾರಿ, ಭಾನುವಾರವೂ, ಕ್ರಿಸ್‌ಮಸ್ ದಿನವೂ.

ಎದುರು ಮನೆಯ ಮುಂದೆ ಎಂಟು ಗಂಟೆಗೆ ಟ್ಯಾಕ್ಸಿ ಬರುತ್ತದೆ. ಆ ಮನೆಯ ಹುಡುಗನಿಗೆ ಮಾತು ಬರುವುದಿಲ್ಲ. ಅವನಿಗೆ ಸರಿಹೊಂದುವ ಶಾಲೆ ಇರುವುದು ಹದಿನೈದು ಮೈಲಿ ಆಚೆ. ಟ್ಯಾಕ್ಸಿಯಲ್ಲಿ ಚಾಲಕನ ಜೊತೆ ಒಬ್ಬ ಸಹಾಯಕಿ ಇರುತ್ತಾರೆ. ದಿನಾ ಹೋಗಿ ಬರಲು ಇದೇ ಏರ್ಪಾಡು.

ನನ್ನ ಕಂದಾಯ ಹೋಗುತ್ತಿರುವುದು ಇಲ್ಲಿಗೆ. ಕಸಕ್ಕಲ್ಲ, ರಸ್ತೆಗಲ್ಲ. ವೃದ್ಧರು, ಅಂಗವಿಕಲರು, ಹೆತ್ತವರ ಆಸರೆ ತಪ್ಪಿದ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಹೊತ್ತ ಕೌನ್ಸಿಲ್‌ಗಳು ತಮ್ಮ ಸೇವೆಗಳ ಖರ್ಚಿನಲ್ಲಿ, ಶಾಲೆಗಳ ಹಣ ಬಿಟ್ಟು, ಮೂರರಲ್ಲಿ ಎರಡು ಪಾಲಿನಷ್ಟು ಈ ಆರೈಕೆಗೇ ಹಾಕುತ್ತವೆ. ಆಸ್ಪತ್ರೆಯ ಚಿಕಿತ್ಸೆಗೆ ಇಲ್ಲಿ ದುಡ್ಡು ಕೊಡಬೇಕಾಗಿಲ್ಲ, ಅದನ್ನು ಸರ್ಕಾರ ನೋಡಿಕೊಳ್ಳುತ್ತದೆ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸ್ನಾನ ಮಾಡಿಸುವವರು ಯಾರು? ಅದು ಕೌನ್ಸಿಲ್‌ನ ಪಾಲು. ಇಂಗ್ಲೆಂಡಿನಲ್ಲಿ ಕೈಯಲ್ಲಿ 23,250 ಪೌಂಡ್‌ಗಿಂತ ಜಾಸ್ತಿ ಉಳಿತಾಯ ಇದ್ದವರು ಈ ಆರೈಕೆಯ ಪೂರ್ತಿ ಖರ್ಚನ್ನು ತಾವೇ ಕೊಡಬೇಕು. ಅದಕ್ಕಿಂತ ಕಡಿಮೆ ಇದ್ದರೆ ಕೌನ್ಸಿಲ್ ಕೈಜೋಡಿಸುತ್ತದೆ.

ಈ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ. ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ, ಅದು ಒಳ್ಳೆಯದೇ. ಜೊತೆಗೆ ಕನಿಷ್ಠ ಕೂಲಿ 2025ರ ಏಪ್ರಿಲ್‌ನಲ್ಲಿ ಗಂಟೆಗೆ 11.44ರಿಂದ 12.21 ಪೌಂಡ್‌ಗೆ ಏರಿತು. ಉದ್ಯೋಗದಾತರು ಕಟ್ಟುವ ರಾಷ್ಟ್ರೀಯ ವಿಮೆಯ ಕಂತೂ ಅದೇ ತಿಂಗಳು ಏರಿತು. ನೀಲಿ ಅಂಗಿಯ ಆ ಹೆಂಗಸಿಗೆ ಅಷ್ಟು ಕೂಲಿ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅವರಲ್ಲಿ ಎಷ್ಟೋ ಜನ ಭಾರತದಿಂದ, ಆಫ್ರಿಕಾದಿಂದ ಬಂದವರು. ಆದರೆ ಕೂಲಿ ಏರಿದಾಗ ಅದರ ಬಿಲ್ ಬರುವುದು ಕೌನ್ಸಿಲ್ ಮೇಜಿಗೆ.

ಈಗ ಆ ಮೇಜಿನ ಹತ್ತಿರ ಹೋಗೋಣ.

ಪ್ರತಿ ಕೌನ್ಸಿಲ್ ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲಲ್ಲಿ ಒಂದು ಸಂಜೆ ಬಜೆಟ್ ಸಭೆ ಸೇರುತ್ತದೆ. ಮಾರ್ಚ್ 11ರ ಒಳಗೆ ಕಂದಾಯ ನಿಗದಿ ಆಗಬೇಕು ಅಂತ ಕಾನೂನಿದೆ. ಸಭೆಯಲ್ಲಿ ಗಲಾಟೆ ಇರುತ್ತದೆ, ತಿದ್ದುಪಡಿಗಳು ಬರುತ್ತವೆ, ವಿರೋಧ ಪಕ್ಷದವರು ಜೋರಾಗಿ ಮಾತಾಡುತ್ತಾರೆ. ನೋಡಿದವರಿಗೆ ಇಲ್ಲೇ ಎಲ್ಲ ತೀರ್ಮಾನ ಆಗುತ್ತಿದೆ ಅನಿಸುತ್ತದೆ. ನಿಜಕ್ಕೂ ಸದಸ್ಯರ ಕೈಗೆ ಸಿಗುವುದು ತುಂಬಾ ಸ್ವಲ್ಪ. ಅವರನ್ನು ಮೂರು ಕಡೆಯಿಂದ ಕಟ್ಟಿಹಾಕಲಾಗಿದೆ.

ಮೊದಲನೆಯದು, ಬಜೆಟ್ ಸರಿದೂಗಲೇಬೇಕು. ದೇಶ ಸಾಲ ಮಾಡಿ ಸಂಬಳ ಕೊಡಬಹುದು, ಕೌನ್ಸಿಲ್ ಕೊಡುವ ಹಾಗಿಲ್ಲ. ಕಟ್ಟಡ ಕಟ್ಟಲು ಸಾಲ ಮಾಡಬಹುದು, ದಿನದ ಖರ್ಚಿಗೆ ಆಗದು. ಲೆಕ್ಕ ಕೂಡುವುದಿಲ್ಲ ಅಂತ ಖಚಿತವಾದರೆ ಕೌನ್ಸಿಲ್‌ನ ಮುಖ್ಯ ಹಣಕಾಸು ಅಧಿಕಾರಿ 1988ರ ಕಾಯ್ದೆಯ 114ನೇ ಕಲಮಿನಡಿ ನೋಟಿಸ್ ಹೊರಡಿಸಬೇಕು. ಆಡಳಿತ ಪಕ್ಷ ಬೇಡ ಅಂದರೂ ಅವರು ಅದನ್ನು ಹೊರಡಿಸಬಹುದು. ಪತ್ರಿಕೆಗಳು ಇದನ್ನೇ "ದಿವಾಳಿ" ಅಂತ ಬರೆಯುತ್ತವೆ. ನಿಜವಾದ ಅರ್ಥದಲ್ಲಿ ದಿವಾಳಿ ಅಲ್ಲ, ಆದರೆ ಹೊಸ ಖರ್ಚೆಲ್ಲ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯದು, ಆರೈಕೆ ಕಾನೂನಿನ ಕರ್ತವ್ಯ. ಅಜ್ಜಿಗೆ ಅರ್ಹತೆ ಇದ್ದರೆ, ಈ ತಿಂಗಳು ದುಡ್ಡಿಲ್ಲ ಅಂತ ಕೌನ್ಸಿಲ್ ಹೇಳುವ ಹಾಗಿಲ್ಲ. ಲೈಬ್ರರಿ, ಪಾರ್ಕು, ಯುವಕರ ಕ್ಲಬ್ಬು, ಬೀದಿ ದೀಪದ ಬೆಳಕು ಇವುಗಳ ಮೇಲೆ ಅಷ್ಟು ಬಿಗಿಯಾದ ಕಟ್ಟಳೆ ಇಲ್ಲ. ಹಾಗಾಗಿ ಕತ್ತರಿ ಬೀಳುವುದು ಯಾವಾಗಲೂ ಅವುಗಳ ಮೇಲೆ. ಜನರ ಕಣ್ಣಿಗೆ ಕಾಣುವುದೂ ಅವೇ. ಕಾಣುವ ಸೇವೆ ಕುಗ್ಗುತ್ತದೆ, ಕಾಣದ ಸೇವೆ ಹಿಗ್ಗುತ್ತದೆ, ಬಿಲ್ ಏರುತ್ತದೆ. ಯುಗಾದಿಯ ಆ ಪ್ರಶ್ನೆ ಹುಟ್ಟುವುದು ಇದರಿಂದಲೇ.

ಮೂರನೆಯದು ಏರಿಕೆಯ ಮಿತಿ. ದೊಡ್ಡ ಕೌನ್ಸಿಲ್‌ಗಳು ಕಂದಾಯವನ್ನು ಶೇ 5 ಅಥವಾ ಅದಕ್ಕಿಂತ ಹೆಚ್ಚು ಏರಿಸಬೇಕೆಂದರೆ ಜನಮತ ಕೇಳಬೇಕು. ಅದರಲ್ಲಿ ಶೇ 2 ಆರೈಕೆಗೇ ಮೀಸಲು. ಊರೂರಿನಲ್ಲೂ ಏರಿಕೆ ಶೇ 4.99 ಅಂತ ಕೇಳಿಬರುವುದು ಇದಕ್ಕೇ. ಜನಮತ ಕೇಳುವ ಧೈರ್ಯ ಯಾರಿಗೂ ಇಲ್ಲ. ಈ ನಿಯಮದಡಿ ಒಂದೇ ಒಂದು ಸಲ, 2015ರಲ್ಲಿ ಬೆಡ್‌ಫರ್ಡ್‌ಶೈರ್‌ನ ಪೊಲೀಸ್ ಆಯುಕ್ತರು ಕಂದಾಯದಲ್ಲಿ ಪೊಲೀಸರಿಗೆ ಹೋಗುವ ಪಾಲನ್ನು ಶೇ 15.8 ಏರಿಸುವುದಾಗಿ ಕೇಳಿದರು. ಜನ ಬೇಡ ಅಂದರು. ಅದಾದ ಮೇಲೆ ಯಾರೂ ಆ ದಾರಿ ಹಿಡಿದಿಲ್ಲ.

ಇದರ ಮೇಲೆ ಲಂಡನ್ನಿನ ಸರ್ಕಾರದ ಅನುದಾನದ ಕಥೆ. ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ಲೆಕ್ಕದಂತೆ, 2010-11ರಿಂದ ಹತ್ತು ವರ್ಷದಲ್ಲಿ ಕೇಂದ್ರದಿಂದ ಕೌನ್ಸಿಲ್‌ಗಳಿಗೆ ಬರುವ ಹಣ, ಬೆಲೆ ಏರಿಕೆ ಕಳೆದು ನೋಡಿದರೆ, ಅರ್ಧಕ್ಕಿಂತ ಕೆಳಗಿಳಿಯಿತು. ಆ ಖಾಲಿ ಜಾಗವನ್ನು ತುಂಬಿದ್ದು ನಮ್ಮ ಮನೆಗಂದಾಯ. ಸರ್ಕಾರ ಆದಾಯ ತೆರಿಗೆ ಏರಿಸಲಿಲ್ಲ ಅಂತ ಹೆಸರು ತಗೊಂಡಿತು. ಬೈಸಿಕೊಂಡವರು ಕೌನ್ಸಿಲರ್‌ಗಳು.

ಹಾಗಂತ ಕೌನ್ಸಿಲ್‌ಗಳದ್ದು ತಪ್ಪೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸರ್ರೆ ಪ್ರಾಂತ್ಯದ ವೋಕಿಂಗ್ ನೋಡಿ. ಸುಮಾರು ಒಂದು ಲಕ್ಷ ಜನರ ಊರು. ಅನುದಾನ ಕಡಿಮೆಯಾದಾಗ ಆದಾಯಕ್ಕೆಂದು ಸಾಲ ಮಾಡಿ ಹೋಟೆಲು, ಎತ್ತರದ ಕಟ್ಟಡ ಕಟ್ಟಲು ಹೊರಟಿತು. 2023ರ ಜೂನ್‌ನಲ್ಲಿ 114ರ ನೋಟಿಸ್ ಬಂದಾಗ ವರ್ಷಕ್ಕೆ ಕೈಗೆ ಸಿಗುವ ಮೂಲ ಹಣ 1 ಕೋಟಿ 60 ಲಕ್ಷ ಪೌಂಡ್, ಮುಂದೆ ಕಾಣುತ್ತಿದ್ದ ಕೊರತೆ 120 ಕೋಟಿ ಪೌಂಡ್. ಥರಕ್ ಎಂಬ ಇನ್ನೊಂದು ಕೌನ್ಸಿಲ್ ಸೌರ ವಿದ್ಯುತ್ ಕಂಪನಿಯಲ್ಲಿ ಹಣ ಹೂಡಿ ಮುಳುಗಿತು. ಕ್ರಾಯ್ಡನ್ 2020ರಿಂದ 2022ರ ಒಳಗೆ ಮತ್ತೆ ಮತ್ತೆ ನೋಟಿಸ್ ಹೊರಡಿಸಿ, 2023ರಲ್ಲಿ ಸರ್ಕಾರದ ವಿಶೇಷ ಒಪ್ಪಿಗೆ ಪಡೆದು, ಜನಮತ ಕೇಳದೆಯೇ, ಒಂದೇ ಸಲಕ್ಕೆ ಶೇ 15ರಷ್ಟು ಕಂದಾಯ ಏರಿಸಿತು.

ಆದರೆ ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಬರ್ಮಿಂಗ್‌ಹ್ಯಾಮ್. ಸ್ವಲ್ಪ ನಿಂತು ನೋಡಬೇಕಾದ ಕಥೆ ಅದು.

ಬರ್ಮಿಂಗ್‌ಹ್ಯಾಮ್ ಬ್ರಿಟನ್ನಿನ ಎರಡನೇ ದೊಡ್ಡ ನಗರ. 101 ಕೌನ್ಸಿಲರ್‌ಗಳು. ಅಲ್ಲಿ ವರ್ಷಾನುಗಟ್ಟಲೆ ಕಸ ಒಯ್ಯುವ, ರಸ್ತೆ ಕೆಲಸ ಮಾಡುವ ಗಂಡಸರಿಗೆ ಬೋನಸ್ ಸಿಗುತ್ತಿತ್ತು. ಅದೇ ದರ್ಜೆಯ ಕೆಲಸ ಮಾಡುವ ಅಡುಗೆಯವರು, ಗುಡಿಸುವವರು, ಆರೈಕೆ ಮಾಡುವವರು, ಅವರಲ್ಲಿ ಹೆಚ್ಚಿನವರು ಹೆಂಗಸರು, ಅವರಿಗೆ ಸಿಗುತ್ತಿರಲಿಲ್ಲ. ಹೆಂಗಸರು ಕೋರ್ಟಿಗೆ ಹೋದರು. 2012ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಕೌನ್ಸಿಲ್ ವರ್ಷಗಳ ಕಾಲ ಹಳೆಯ ಬಾಕಿ ತೀರಿಸಿತು, 2015ರಲ್ಲಿ ಅದಕ್ಕಾಗಿ ತನ್ನ ಪ್ರಸಿದ್ಧ ವಸ್ತುಪ್ರದರ್ಶನ ಕೇಂದ್ರದ ವ್ಯವಹಾರವನ್ನೇ ಮಾರಿತು. ಆದರೂ ಒಳಗೆ ತಾರತಮ್ಯ ಪೂರ್ತಿ ಹೋಗಿರಲಿಲ್ಲ. 2023ರ ಜೂನ್‌ನಲ್ಲಿ ಕೌನ್ಸಿಲ್ ತಾನು ಇನ್ನೂ 65ರಿಂದ 76 ಕೋಟಿ ಪೌಂಡ್ ಕೊಡಬೇಕಾಗಬಹುದು ಅಂತ ಹೇಳಿತು. ಇದರ ನಡುವೆ ಲೆಕ್ಕಪತ್ರ ನೋಡಿಕೊಳ್ಳಲು ಹಾಕಿಸಿದ ಹೊಸ ಕಂಪ್ಯೂಟರ್ ವ್ಯವಸ್ಥೆ ಕೈಕೊಟ್ಟಿತು. ಸುಮಾರು 2 ಕೋಟಿ ಪೌಂಡ್ ಅಂದುಕೊಂಡಿದ್ದ ಅದರ ಖರ್ಚು 10 ಕೋಟಿ ದಾಟಿತು. ಸೆಪ್ಟೆಂಬರ್ 5ರಂದು ನೋಟಿಸ್ ಬಂತು.

ಸರ್ಕಾರ ಆಯುಕ್ತರನ್ನು ಕಳಿಸಿತು. ದಿನದ ಖರ್ಚಿಗೆ ಆಸ್ತಿ ಮಾರಲು ವಿಶೇಷ ಅನುಮತಿ ಕೊಟ್ಟಿತು. ಮನೆಯೊಡತಿಯ ಒಡವೆ ಮಾರಿ ದಿನಸಿ ತಂದ ಹಾಗೆ. ಒಂದು ಸಲ ತರಬಹುದು, ಮುಂದಿನ ತಿಂಗಳಿಗೆ? ಇಂಥ ವಿಶೇಷ ಅನುಮತಿ 2025-26ರಲ್ಲಿ 30 ಕೌನ್ಸಿಲ್‌ಗಳಿಗೆ ಬೇಕಾಯಿತು ಅಂದರೆ ಇದು ಒಂದೂರಿನ ಕಥೆ ಅಲ್ಲ ಅಂತ ಗೊತ್ತಾಗುತ್ತದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂದಾಯ 2024ರಲ್ಲಿ ಶೇ 9.99, 2025ರಲ್ಲಿ ಶೇ 7.49 ಏರಿತು. ಎರಡು ವರ್ಷದಲ್ಲಿ ಒಟ್ಟು ಶೇ 18. ಅದೇ ಹೊತ್ತಿಗೆ ಬೀದಿ ದೀಪದ ಬೆಳಕು ತಗ್ಗಿಸುವುದು, ಲೈಬ್ರರಿ ಕಡಿಮೆ ಮಾಡುವುದು, ಕಸ ಎರಡು ವಾರಕ್ಕೊಮ್ಮೆ ಒಯ್ಯುವುದು ಎಲ್ಲ ಉಳಿತಾಯದ ಪಟ್ಟಿಗೆ ಬಂದವು.

2025ರ ಜನವರಿಯಲ್ಲಿ ಕಸದವರ ಮುಷ್ಕರ ಶುರುವಾಯಿತು. ಮಾರ್ಚ್ 11ರಿಂದ ಪೂರ್ತಿ ಕೆಲಸ ನಿಲ್ಲಿಸಿದರು. ಬೀದಿಗಳಲ್ಲಿ ಸುಮಾರು 17,000 ಟನ್ ಕಸ ಬಿದ್ದಿತು. ಕಸದ ಲಾರಿಯ ಒಂದು ಹುದ್ದೆಯನ್ನು ಕೌನ್ಸಿಲ್ ತೆಗೆದುಹಾಕಿದ್ದೇ ಜಗಳದ ಮೂಲ. ಆ ಹುದ್ದೆ ಉಳಿಸಿದರೆ ಮತ್ತೆ ಗಂಡಸರಿಗೊಂದು ಹೆಂಗಸರಿಗೊಂದು ಸಂಬಳದ ಕೇಸು ಬೀಳುತ್ತದೆ ಅಂತ ಕೌನ್ಸಿಲ್ ಹೇಳಿತು. ಸಂಬಳ ಕಡಿಮೆಯಾದರೆ ನಮ್ಮ ಮನೆ ಹೇಗೆ ನಡೆಯಬೇಕು ಅಂತ ಕಾರ್ಮಿಕರು ಕೇಳಿದರು. ಇಬ್ಬರ ಮಾತಲ್ಲೂ ಹುರುಳಿದೆ. ತುಂಬಾ ಹಿಂದೆ ಹೆಂಗಸರಿಗೆ ಕೊಡಬೇಕಾದ್ದನ್ನು ಕೊಡದೆ ಉಳಿಸಿದ ದುಡ್ಡು ಹೀಗೆ ಬಡ್ಡಿ ಸಮೇತ ಬೀದಿಗೆ ಬಂತು. ನನಗೆ ಈ ಇಡೀ ಕಥೆಯಲ್ಲಿ ಮನಸ್ಸಿಗೆ ತಟ್ಟುವುದು ಇದೇ: ಅನ್ಯಾಯಕ್ಕೆ ಒಳಗಾದ ಆ ಅಡುಗೆಯವರು, ಆರೈಕೆಯವರು ಅದೇ ಊರಿನವರು. ಪರಿಹಾರ ಸಿಕ್ಕರೂ ಶೇ 18 ಏರಿದ ಕಂದಾಯ ಅವರೂ ಕಟ್ಟಬೇಕು.

ಇನ್ನು ಕಂದಾಯದ ಅಳತೆಗೋಲು. ಅದೇ ಸರಿಯಿಲ್ಲ.

ಮಾರ್ಗರೆಟ್ ಥ್ಯಾಚರ್ ಹಳೆಯ ಮನೆ ತೆರಿಗೆ ತೆಗೆದು ತಲೆಗಂದಾಯ ತಂದಿದ್ದರು, ಸ್ಕಾಟ್ಲೆಂಡಿಗೆ 1989ರಲ್ಲಿ, ಇಂಗ್ಲೆಂಡಿಗೆ 1990ರಲ್ಲಿ. ಸಿರಿವಂತನಿಗೂ ಕೂಲಿಯವನಿಗೂ ಒಂದೇ ಮೊತ್ತ. ಜನ ಬೀದಿಗಿಳಿದರು. ಅದೇ ವರ್ಷ ಅವರ ಅಧಿಕಾರವೂ ಹೋಯಿತು. ಮುಂದೆ ಬಂದವರು ಅವಸರದಲ್ಲಿ ಇನ್ನೊಂದು ತೆರಿಗೆ ತರಬೇಕಾಯಿತು. ಮನೆ ಮನೆ ಹೊಕ್ಕು ಬೆಲೆ ಕಟ್ಟಲು ಹೊತ್ತಿರಲಿಲ್ಲ. ಎಷ್ಟೋ ಕಡೆ ಮೌಲ್ಯಮಾಪಕರು ಕಾರನ್ನು ಸೆಕೆಂಡ್ ಗೇರಿನಲ್ಲಿ ನಿಧಾನಕ್ಕೆ ಓಡಿಸುತ್ತಾ, ಕಿಟಕಿಯಿಂದಲೇ ನೋಡಿ ಈ ಮನೆ ಇಷ್ಟು, ಆ ಮನೆ ಇಷ್ಟು ಅಂತ ಬರೆದುಕೊಂಡರು. 1991ರ ಏಪ್ರಿಲ್ 1ರ ಬೆಲೆ. ಅದರ ಮೇಲೆ ಎ ಇಂದ ಎಚ್‌ವರೆಗೆ ಎಂಟು ಬ್ಯಾಂಡ್ ಮಾಡಿ 1993ರಲ್ಲಿ ಕೌನ್ಸಿಲ್ ಟ್ಯಾಕ್ಸ್ ಜಾರಿಗೆ ತಂದರು.

ಇಂಗ್ಲೆಂಡಿನಲ್ಲಿ ಇವತ್ತಿಗೂ ಅದೇ ಬೆಲೆ ನಡೆಯುತ್ತಿದೆ. ಹೋದ ವರ್ಷ ಕಟ್ಟಿದ ಮನೆಗೂ, ಇದು 1991ರಲ್ಲಿ ಇದ್ದಿದ್ದರೆ ಎಷ್ಟಕ್ಕೆ ಹೋಗುತ್ತಿತ್ತು ಅಂತ ಅಂದಾಜು ಮಾಡಿ ಬ್ಯಾಂಡ್ ಕೊಡುತ್ತಾರೆ. ಅಲ್ಲಿಂದ ಇಲ್ಲಿಗೆ ಲಂಡನ್ನಿನ ಮನೆ ಬೆಲೆ ಎಲ್ಲಿಗೋ ಹೋಗಿದೆ, ಉತ್ತರದ ಕಾರ್ಖಾನೆ ಊರುಗಳದ್ದು ಅಷ್ಟು ಏರಿಲ್ಲ. ಜೊತೆಗೆ ಎಚ್ ಬ್ಯಾಂಡಿನ ಬಿಲ್ ಎ ಬ್ಯಾಂಡಿನ ಮೂರು ಪಟ್ಟು ಮಾತ್ರ. ಮನೆಯ ಬೆಲೆ ನೂರು ಪಟ್ಟು ಇದ್ದರೂ ತೆರಿಗೆ ಮೂರು ಪಟ್ಟೇ. ಲಂಡನ್ನಿನ ನಡುಮಧ್ಯದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ 2025-26ರಲ್ಲಿ ಡಿ ಬ್ಯಾಂಡಿನ ಬಿಲ್ ಸುಮಾರು 1,000 ಪೌಂಡ್ ಇತ್ತು. ಅಲ್ಲಿನ ಅರಮನೆಯಂಥ ಎಚ್ ಬ್ಯಾಂಡ್ ಮನೆಗೆ 2,000ದ ಆಸುಪಾಸು. ದೇಶದ ಸಾಧಾರಣ ಡಿ ಬ್ಯಾಂಡ್ ಮನೆಯವರು ಆ ವರ್ಷ 2,280 ಕಟ್ಟಿದರು. ಇದು ಸರಿನಾ? ನನಗಂತೂ ಸರಿ ಅನಿಸುವುದಿಲ್ಲ.

ಇನ್ನೊಂದು ಲೆಕ್ಕ ಹಾಕಿ ನೋಡೋಣ. ಎರಡು ಊರು ಅಂದುಕೊಳ್ಳಿ, ತಲಾ ಒಂದು ಲಕ್ಷ ಮನೆ. ಒಂದರಲ್ಲಿ ಎಲ್ಲವೂ ಎ ಬ್ಯಾಂಡ್, ಮನೆಗೆ 1,520 ಪೌಂಡ್. ಇನ್ನೊಂದರಲ್ಲಿ ಎಲ್ಲವೂ ಎಫ್ ಬ್ಯಾಂಡ್, ಮನೆಗೆ 3,293 ಪೌಂಡ್. ಇಬ್ಬರೂ ಶೇ 5 ಏರಿಸಿದರು. ಮೊದಲ ಊರಿಗೆ ಸಿಗುವುದು 76 ಲಕ್ಷ ಪೌಂಡ್. ಎರಡನೇ ಊರಿಗೆ ಒಂದು ಕೋಟಿ 65 ಲಕ್ಷದ ಹತ್ತಿರ. ಆದರೆ ಆರೈಕೆಗೆ ಸರ್ಕಾರಿ ಸಹಾಯ ಬೇಕಾದವರು ಯಾವ ಊರಲ್ಲಿ ಜಾಸ್ತಿ? ಮೊದಲನೆಯದರಲ್ಲಿ. ಲಿವರ್‌ಪೂಲ್, ಹಲ್ ನಗರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು ಎ ಬ್ಯಾಂಡಿನಲ್ಲೇ ಇವೆ. ಹೀಗಿರುವಾಗ ಅನುದಾನ ಕಡಿದು "ನೀವೇ ಕಂದಾಯ ಏರಿಸಿಕೊಳ್ಳಿ" ಅನ್ನುವುದು ಬಡ ಊರಿಗೆ ಎರಡು ಪೆಟ್ಟು ಕೊಟ್ಟ ಹಾಗೆ.

ಹೊಸದಾಗಿ ಬೆಲೆ ಕಟ್ಟಬಹುದಲ್ವಾ? ಕಟ್ಟಬಹುದು. ವೇಲ್ಸ್ 2005ರಲ್ಲಿ ಕಟ್ಟಿತು. ಮೂರರಲ್ಲಿ ಒಂದು ಮನೆ ಮೇಲಿನ ಬ್ಯಾಂಡಿಗೆ ಹೋಯಿತು. ಆ ಕೂಗು ಕೇಳಿದ ಇಂಗ್ಲೆಂಡಿನ ಸರ್ಕಾರಗಳು, ಯಾವ ಪಕ್ಷದ್ದಾದರೂ, ಆ ಕಡೆ ತಲೆ ಹಾಕಿಲ್ಲ. 2025ರ ನವೆಂಬರ್‌ನ ಬಜೆಟ್‌ನಲ್ಲಿ ಹಣಕಾಸು ಸಚಿವೆ ರೇಚೆಲ್ ರೀವ್ಸ್, 20 ಲಕ್ಷ ಪೌಂಡ್‌ಗಿಂತ ಬೆಲೆ ಬಾಳುವ ಮನೆಗಳಿಗೆ 2028ರಿಂದ ವರ್ಷಕ್ಕೆ 2,500ರಿಂದ 7,500 ಪೌಂಡ್ ಹೆಚ್ಚುವರಿ ತೆರಿಗೆ ಹಾಕುವುದಾಗಿ ಹೇಳಿದರು. ಒಳ್ಳೆಯ ಹೆಜ್ಜೆಯೇ. ಆದರೆ ಆ ದುಡ್ಡು ಹೋಗುವುದು ಕೇಂದ್ರಕ್ಕೆ, ಕೌನ್ಸಿಲ್‌ಗಲ್ಲ. 1991ರ ಬ್ಯಾಂಡುಗಳು ಹಾಗೇ ಉಳಿದವು.

ಇಷ್ಟೆಲ್ಲ ಹೇಳಿದ ಮೇಲೂ ಈ ವ್ಯವಸ್ಥೆಯಲ್ಲಿ ನನಗೆ ಇಷ್ಟವಾದ ಒಂದೆರಡು ಕಟ್ಟಳೆಗಳಿವೆ. ಕೌನ್ಸಿಲರ್ ಒಬ್ಬರು ತಮ್ಮ ಸ್ವಂತ ಕಂದಾಯವನ್ನು ಎರಡು ತಿಂಗಳು ಬಾಕಿ ಇಟ್ಟಿದ್ದರೆ ಅವರು ಅದನ್ನು ಸಭೆಯಲ್ಲಿ ಎದ್ದು ಹೇಳಬೇಕು, ಬಜೆಟ್‌ಗೆ ಮತ ಹಾಕುವ ಹಾಗಿಲ್ಲ. ಮುಚ್ಚಿಟ್ಟರೆ ಅಪರಾಧ. 2014ರಿಂದ ಬಜೆಟ್ ಮತದಾನವನ್ನು ಹೆಸರು ಹಿಡಿದು ದಾಖಲಿಸಬೇಕು. ನನ್ನ ವಾರ್ಡಿನವರು ಲೈಬ್ರರಿ ದಿನಗಳನ್ನು ಕಡಿಯಲು ಹೌದು ಅಂದರೋ ಇಲ್ಲ ಅಂದರೋ ಅಂತ ನಾನು ಮನೆಯಲ್ಲೇ ಕೂತು ಸಭೆಯ ನಡಾವಳಿ ತೆಗೆದು ಓದಿದ್ದೇನೆ. ಬೆಂಗಳೂರಿನಲ್ಲಿ ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರಲ್ಲಿ ಪಾಲಿಕೆಯೇ ಐದಾಗಿ ಒಡೆಯುವವರೆಗೆ ಬಜೆಟ್‌ಗಳನ್ನು ಅಧಿಕಾರಿಗಳೇ ಮಾಡಿದರು. ಅಲ್ಲಿ ಕಂದಾಯ ಕಟ್ಟುವ ನಮ್ಮ ಅಪ್ಪ ಅಮ್ಮಂದಿರಿಗೆ ಯಾವ ಹೆಸರು ಹಿಡಿದು ಕೇಳುವುದಕ್ಕೂ ಆಗಲಿಲ್ಲ.

ಇಲ್ಲಿರುವ ಕನ್ನಡಿಗರಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಇದೆ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಬ್ರಿಟಿಷ್ ಪೌರತ್ವ ಇಲ್ಲದಿದ್ದರೂ, ಕೆಲಸದ ವೀಸಾದಲ್ಲೋ ಓದುವ ವೀಸಾದಲ್ಲೋ ಇಲ್ಲಿ ವಾಸವಿರುವ ಭಾರತೀಯರಿಗೆ ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿದೆ. ಸುಮ್ನೆ ಬಿಟ್ಟುಬಿಡುತ್ತೇವೆ. ಕಲಬುರಗಿ ಕಡೆಯ ನೀರಜ್ ಪಾಟೀಲರು ಲಂಡನ್ನಿನ ಲ್ಯಾಂಬೆತ್ ಕೌನ್ಸಿಲ್‌ಗೆ ಆರಿಸಿ ಬಂದು ಮೇಯರ್ ಕೂಡ ಆದರು. ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ಅವರ ಓಡಾಟದಿಂದ ಆದದ್ದು.

ಹೆಸರು ಸೇರಿಸುವುದು ಆನ್‌ಲೈನಿನಲ್ಲಿ ಐದು ನಿಮಿಷದ ಕೆಲಸ. ರಾಷ್ಟ್ರೀಯ ವಿಮೆಯ ನಂಬರ್ ಕೈಯಲ್ಲಿಟ್ಟುಕೊಳ್ಳಿ. ಇಂಗ್ಲೆಂಡಿನಲ್ಲಿ 2023ರಿಂದ ಮತಗಟ್ಟೆಯಲ್ಲಿ ಫೋಟೋ ಇರುವ ಗುರುತಿನ ದಾಖಲೆ ತೋರಿಸಬೇಕು. ಅದಕ್ಕೆ ನಮ್ಮ ಭಾರತದ ಪಾಸ್‌ಪೋರ್ಟ್ ಸಾಕು. ನಾನು ಹೋದ ಸಲ ಅದನ್ನೇ ತೋರಿಸಿದೆ. ನನ್ನ ಮತಗಟ್ಟೆ ಇದ್ದದ್ದು ಅದೇ ವಾರಕ್ಕೆ ಮೂರು ದಿನದ ಲೈಬ್ರರಿಯಲ್ಲಿ, ಮಕ್ಕಳ ಪುಸ್ತಕದ ಕಪಾಟಿನ ಪಕ್ಕ.